ಕತ್ತಿನ ಬಣ್ಣ

ಕೈಗವಸು ತೊಟ್ಟ ರೋಹಿಣಿ, ಮ್ಯೂಸಿಯಮ್ಮಿನ ಡ್ರಾಯರಿನಲ್ಲಿ ಬೋರಲಾಗಿ ಮಲಗಿದ್ದ ಹತ್ತಿ ತುಂಬಿದ ಸ್ಲಾತನ್ನು ಅಂಗಾತ ತಿರುಗಿಸಿದಳು. ಮರದ ಕೊಂಬೆಗೆ ಜೋತುಬಿದ್ದು ಬದುಕುವ ಆ ಮೂರು ಬೆರಳಿನ ಪ್ರಾಣಿಯ ಕಾಲಿಗೆ ಕಟ್ಟಿದ ಚೀಟಿಯಲ್ಲಿ ‘ಕಂದು ಕತ್ತಿನ ಸ್ಲಾತ್’ ಎಂದಿತ್ತು. ಕತ್ತು ಮಾತ್ರ ತಿಳಿ ಹಳದಿ.

“ಅಂಕಲ್, ಇದು ಮಸುಕು ಕತ್ತಿನ ಜಾತಿ. ಬೆನ್ನು ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ. ತಿರುಗಿಸಿ ನೋಡಿಲ್ಲ ಅನ್ಸುತ್ತೆ.”

ಪ್ರಭಾಕರ ಕನ್ನಡಕ ಸರಿಮಾಡಿಕೊಂಡರು. ನ್ಯೂಜೆರ್ಸಿಯ ಆ ಪುಟ್ಟ ಮ್ಯೂಸಿಯಮ್ಮಿಗೆ ಮೂವತ್ತು ವರ್ಷದಿಂದ ಅವರೇ ಕ್ಯುರೇಟರ್. ಅವಳನ್ನು ವಾಲಂಟಿಯರ್ ಆಗಿ ಸೇರಿಸಿ, ವಾರಕ್ಕೆರಡು ಸಲ ಎಡಿಸನ್‌ನ ಮನೆಯಿಂದ ತಮ್ಮ ಕಾರಿನಲ್ಲೇ ಕರೆತರುವವರೂ ಅವರೇ. ಚೀಟಿಯ ಮೇಲೆ ಜಾತಿ ಗುರುತಿಸಿದವರೆಂದು ಇದ್ದ ಹೆಸರೂ ಅವರದೇ.

“ಬಿಡಮ್ಮ, ಯಾರು ನೋಡ್ತಾರೆ? ನೆಕ್ಸ್ಟ್ ಇಯರ್ ನಾನು ರಿಟೈರ್ ಆಗ್ತೀನಿ. ಆಮೇಲೆ ಬೇಕಾದ್ರೆ ಚೇಂಜ್ ಮಾಡು.”

“ನಾನು ನೋಡ್ಬಿಟ್ನಲ್ಲ ಅಂಕಲ್.”

ಮ್ಯೂಸಿಯಮ್ಮಿನ ರೂಢಿಯಂತೆ ಹಳೆಯ ಚೀಟಿಯನ್ನು ಕೀಳುವಂತಿಲ್ಲ. ಹೊಸದನ್ನು ಅದರ ಪಕ್ಕದಲ್ಲೇ ಕಟ್ಟಬೇಕು, ತಿದ್ದಿದವರ ಹೆಸರಿನ ಸಮೇತ. ಇನ್ನು ಮುಂದೆ ಅವರ ತಪ್ಪೂ ಅವಳ ಹೆಸರೂ ಒಂದೇ ಕಾಲಿಗೆ ಜೋತಾಡುತ್ತವೆ. ಸಂಜೆ ಅದೇ ಕಾರಿನಲ್ಲಿ ಮನೆಗೆ ಹೋಗಬೇಕು.

ಅವಳು ಹೊಸ ಚೀಟಿ ಎಳೆದುಕೊಂಡು ‘ಮಸುಕು ಕತ್ತಿನ ಸ್ಲಾತ್’ ಎಂದು ಬರೆದಳು. ಅದರ ಕೆಳಗೆ ‘ರೋಹಿಣಿ ಶೆಣೈ’ ಎಂದು ಪೂರ್ತಿ ಹೆಸರು ಬರೆದಳು. ದಾರ ಕಟ್ಟಲು ಹೋದರೆ ಕೈಗವಸಿನ ಬೆರಳುಗಳಿಂದ ಗಂಟು ಎರಡು ಸಲ ಜಾರಿತು. ಮೂರನೆಯ ಸಲ ಪ್ರಭಾಕರ ಬಾಗಿ, ಗಂಟು ಜಾರದಂತೆ ಅದರ ಮೇಲೆ ಬೆರಳಿಟ್ಟರು.