ಮಗಳ ಮೇಲ್

"ನನ್ನ ಮಗಳ ಮೇಲ್ ತೆಗೀರಿ. ಯಾರಿಗೆ ಬರೀತಾಳೆ ನೋಡ್ಬೇಕು," ಎಂದರು ಕಾಲೇಜಿನ ಕಾರ್ಯದರ್ಶಿ ಗಂಗಾಧರಪ್ಪ. ಮೂಲೆಯ ಕಂಪ್ಯೂಟರ್ ಮುಂದೆ ಕೂತಿದ್ದ ಮಗಳು ಚೈತ್ರಶ್ರೀಯತ್ತ ಅವರು ಕಣ್ಣೂ ಹಾಯಿಸಲಿಲ್ಲ. ತೊಂಬತ್ತೆಂಟರಲ್ಲಿ ಶಿಕಾರಿಪುರದ ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಎಲ್ಲರ ಮೇಲ್ ಇರುವ ಲಿನಕ್ಸ್ ಸರ್ವರ್ ಬಂದಿತ್ತು. ಎಲ್ಲರ ಖಾತೆಯನ್ನೂ ತೆರೆಯಬಲ್ಲ ರೂಟ್ ಪಾಸ್‌ವರ್ಡ್ ಗೊತ್ತಿದ್ದದ್ದು ಅದನ್ನು ನೋಡಿಕೊಳ್ಳುತ್ತಿದ್ದ ನಿರ್ಮಲಾಗೆ ಮಾತ್ರ.

"ತೆಗೆಯೋಕೆ ಬರ್ತೈತ್ರೀ. ಆದ್ರೆ ತೆಗೆಯಲ್ಲ," ಎಂದಳು ನಿರ್ಮಲಾ.

"ಹಂಗಾದ್ರೆ ಪಾಸ್‌ವರ್ಡ್ ಕೊಟ್ಟು ಮನೆಗೆ ಹೋಗು. ನಾಳೆಯಿಂದ ಬರಬೇಡ."

ನಿರ್ಮಲಾ ತಾನು ತೆರೆದಿದ್ದ ರೂಟ್ ಖಾತೆಯನ್ನು ಅವರೆದುರಿಗೇ ಮುಚ್ಚಿದಳು. ಕೀಬೋರ್ಡನ್ನು ಒಳಕ್ಕೆ ತಳ್ಳಿ ಎದ್ದು ನಿಂತಳು. "ಪಾಸ್‌ವರ್ಡೂ ಕೊಡಲ್ಲ. ನಿಮ್ಮ ಮಗಳನ್ನೇ ಕೇಳ್ರೀ, ಇಲ್ಲೇ ಕೂತಾಳೆ."

ಚೈತ್ರಶ್ರೀ ಕುರ್ಚಿಯನ್ನು ಅಪ್ಪನ ಕಡೆಗೆ ತಿರುಗಿಸಿ ಕೂತಳು.

"ಕೇಳಪ್ಪ. ನಾನೇ ಹೇಳ್ತೀನಿ."