ಹೋದ ಬೇಸಿಗೆಯ ಉತ್ತರ

ಹೆಡ್‌ಫೋನ್ ಸರಿಮಾಡಿಕೊಂಡು ಆಕೆ ಮುಂದಿನ ನಂಬರಿಗೆ ಕರೆ ಮಾಡಿದಳು. ಭೂಮಿ ಬಿಸಿಯಾಗುತ್ತಿದೆ ಎಂಬುದನ್ನು ಜನ ಎಷ್ಟು ನಂಬುತ್ತಾರೆಂದು ಪ್ರತಿ ಬೇಸಿಗೆಯಲ್ಲೂ ಅದೇ ಜನರನ್ನು ಕೇಳುವ ಸಮೀಕ್ಷೆ ಅದು. ನಂಬುವುದಿಲ್ಲ ಎಂದವರಿಗೆ ಮುಂದಿನ ಪ್ರಶ್ನೆ ಕೇಳುವ ಹಾಗಿರಲಿಲ್ಲ. ಊರಾಚೆಯ ಪಂಪ್‌ಹೌಸಿನಲ್ಲಿ ಒಬ್ಬನೇ ಇರುವ ಈ ಆಪರೇಟರ್ ಹೋದ ವರ್ಷ, “ಅದೆಲ್ಲಾ ಸುಳ್ಳುರೀ” ಎಂದಿದ್ದ.

“ಹವಾಮಾನ ಬದಲಾಗ್ತಿದೆ ಅಂತ ನಂಬ್ತೀರಾ ಸರ್?”

“ಪೂರಾ ನಂಬ್ತೇನ್ರೀ ಮೇಡಂ.”

ಅಂತೂ ಒಬ್ಬನಿಗೆ ಬುದ್ಧಿ ಬಂತು ಎಂದುಕೊಂಡು ಆಕೆ ಖುಷಿಯಿಂದ ಒಂದೊಂದೇ ಪ್ರಶ್ನೆ ಕೇಳತೊಡಗಿದಳು. ಆತ ತನ್ನ ತಗಡಿನ ಶೆಡ್ಡಿನ ಕಾವಿನಿಂದ ಶುರುಮಾಡಿ, ಮಧ್ಯಾಹ್ನ ತಂತಿಯ ಮೇಲೆ ಕೂರುವುದನ್ನೇ ಬಿಟ್ಟ ಗಿಣಿಗಳವರೆಗೆ ಎಲ್ಲವನ್ನೂ ಹೇಳಿದ. ಸಮುದ್ರ ಏರಿದರೆ ಮುಳುಗುವ ದ್ವೀಪಗಳ ಮಾತು ಬಂದಾಗ, “ಅಲ್ಲಿ ಮಂದಿ ಎಲ್ಲಿಗಿ ಹೋಗ್ತಾರ್ರೀ?” ಎಂದು ಅವನೇ ತಿರುಗಿ ಕೇಳಿದ.

“ಇನ್ನೂ ಎಷ್ಟು ಪ್ರಶ್ನೆ ಅದಾವ್ರೀ?”

“ಬೇಜಾರಾಯ್ತಾ ಸರ್? ಇದೊಂದೇ, ಕೊನೇದು.”

“ಇದ ಕೊನೇದೇನ್ರೀ?” ಅವನ ದನಿ ಇಳಿಯಿತು.

“ಹೋದ ವರ್ಷ ನಂಬಲ್ಲ ಅಂದಿದ್ರಿ. ಈ ಸಲ ಮನಸ್ಸು ಬದಲಾಗೋಕೆ ಏನು ಕಾರಣ ಸರ್? ಬಿಸಿಲಾ, ಮಳೆ ಹೋಗಿದ್ದಾ, ಟಿವಿ ಸುದ್ದಿನಾ?”



“ಹಂಗೇನಿಲ್ರೀ. ಹೋದ ವರ್ಷ ಇಲ್ಲ ಅಂದ ಕೂಡ್ಲೇ ನೀವು ಫೋನ್ ಇಟ್ಟಬಿಟ್ರಿ.”