ಮರಳ ಹೊಳೆಯ ಸಾಲ್ಮನ್

"ಬಾಯಿ ಬಿಡು ಮಾರಾಯ, ಒಸಡು ನೋಡ್ಬೇಕಂತೆ," ಎಂದು ಸೇಸಪ್ಪ ಪೊಡಿಯಬ್ಬನ ಗಲ್ಲ ಹಿಡಿದ.

ಸೌದಿಯ ದಮ್ಮಾಮಿನ ಕಂಪನಿಯೊಂದರ ಗೋದಾಮಿನ ಹಿಂದೆ, ಗುರುವಾರ ಮಧ್ಯಾಹ್ನದ ಬಿಸಿಲಿನಲ್ಲಿ, ಎರಡು ಹಗ್ಗಗಳ ನಡುವಿನ ಮರಳೇ ಹೊಳೆ. ಸೊಂಟಕ್ಕೆ ನೈಲಾನ್ ದಾರ ಕಟ್ಟಿಸಿಕೊಂಡು, ಬೆನ್ನಿನ ಕೆಳತುದಿಗೆ ರಟ್ಟಿನ ರೆಕ್ಕೆ ಅಂಟಿಸಿಕೊಂಡು ನಿಂತ ಡ್ರೈವರ್ ಪೊಡಿಯಬ್ಬನೇ ಸಾಲ್ಮನ್ ಮೀನು. ದಾರದ ಇನ್ನೊಂದು ತುದಿಯ ಗಾಳದ ಕೋಲು ಸ್ಟೋರ್‌ಕೀಪರ್ ಸೇಸಪ್ಪನ ಕಂಕುಳಲ್ಲಿ. ಪಾಠ ಹೇಳುತ್ತಿದ್ದವನು ಮ್ಯಾನೇಜರ್ ರಾಬ್, ಅಮೆರಿಕದ ಪಶ್ಚಿಮ ಕರಾವಳಿಯವ. ಊರು ನೆನಪಾದರೆ ಕೆಲವರು ಅಳುತ್ತಾರೆ, ಕೆಲವರು ಹಾಡುತ್ತಾರೆ. ಈ ಮಹಾರಾಯ ಮೀನು ಹಿಡಿಯುವ ಪಾಠ ಹೇಳುತ್ತಿದ್ದ. ಹೊಳೆಯೇ ಇಲ್ಲದ ದೇಶದಲ್ಲಿ ಹೊಳೆಮೀನಿನ ಶಾಲೆ ತೆರೆದನೆಂದು ಕ್ಲಾಸಿನಲ್ಲಿ ಯಾರೂ ನಗಲಿಲ್ಲ, ಏಕೆಂದರೆ ಇವರಿಬ್ಬರನ್ನು ಬಿಟ್ಟು ಕ್ಲಾಸಿಗೆ ಯಾರೂ ಬರಲೇ ಇಲ್ಲ.

ಸೇಸಪ್ಪ ಬಂದದ್ದೂ ಮೀನಿನ ಮೇಲಿನ ಪ್ರೀತಿಯಿಂದಲ್ಲ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆ ಬಂದಿತ್ತು, ಮಂಗಳವಾರಕ್ಕೆ ಟಿಕೆಟ್ಟೂ ಆಗಿತ್ತು. ವೀಸಾ ಕೊಟ್ಟ ಅರಬ್ ಧಣಿ, ಅಂದರೆ ಕಫೀಲನ ಸಹಿಯೊಂದು ಆಗಿರಲಿಲ್ಲ. ಸಹಿಯಾಗದೆ ಅವನ ತಿಜೋರಿಯಿಂದ ಪಾಸ್‌ಪೋರ್ಟ್ ಹೊರಗೆ ಬರುವಂತಿಲ್ಲ. ಕೇಳಿದಾಗಲೆಲ್ಲ ಕಫೀಲ್ "ಬುಕ್ರಾ" ಎನ್ನುತ್ತಿದ್ದ. ಹಾಗೆಂದರೆ ನಾಳೆ, ಮೂರು ವಾರದಿಂದ ಅದೇ ನಾಳೆ. ಅತ್ತ ಉಳ್ಳಾಲದಲ್ಲಿ, ಸೇಸಪ್ಪ ಇನ್ನೂ ಕಣ್ಣಾರೆ ನೋಡಿರದ ಮಗಳು ಯಶ್ಮಿತಾ ನಡೆಯಲು ಶುರುಮಾಡಿದ್ದಳು. ಅವಳ ಪಾಲಿಗೆ ಅಪ್ಪ ಎಂದರೆ ಎಸ್‌ಟಿಡಿ ಬೂತಿನ ರಿಸೀವರ್. ಮೊನ್ನೆ ಅದನ್ನೇ ಮನೆಗೆ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದಳಂತೆ. ಕಫೀಲನ ಎದುರು ನಿಂತು ಮಾತಾಡುವ ಧೈರ್ಯವಿದ್ದದ್ದು ರಾಬನೊಬ್ಬನಿಗೆ, ಅವನೋ ಮೊದಲು ಪಾಠ ಮುಗಿಯಲಿ ಎಂದಿದ್ದ.

"ಒಸಡು ಕಪ್ಪಗಿದ್ದರೆ ರಾಜ ಸಾಲ್ಮನ್. ಬೆಳ್ಳಗಿದ್ದರೆ ಕೋಹೋ," ರಾಬ್ ಹೇಳಿದ. "ಏನು ಕಾಣುತ್ತದೆ?"

"ಕಪ್ಪು ಸರ್. ಆದ್ರೆ ಅದು ಬೀಡಿದ್ದು."

"ಇದೆಂತ ಸೇಸಪ್ಪಣ್ಣ?" ಪೊಡಿಯಬ್ಬ ತೆರೆದ ಬಾಯಲ್ಲೇ ಗೊಣಗಿದ. "ನಮ್ಮಲ್ಲಿ ಕಿವಿರು ಎತ್ತಿ ನೋಡುದು, ಕೆಂಪುಂಟಾ ತಕೊಂಡು ಹೋಗುದು. ಒಸಡು ನೋಡಿ ಮೀನು ತಕೊಂಡವರನ್ನು ನಾನು ನೋಡ್ಲಿಲ್ಲ."

ಕನ್ನಡ ಅರ್ಥವಾಗದಿದ್ದರೂ ರಾಬ್ ಗದರಿದ. "ಮೀನು ಮಾತಾಡುವುದಿಲ್ಲ!"

ಅಷ್ಟರಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಇಳಿದವನು ಸಾಕ್ಷಾತ್ ಕಫೀಲ್. ಸೇಸಪ್ಪನ ಎರಡು ಬೆರಳು ಪೊಡಿಯಬ್ಬನ ಬಾಯೊಳಗೇ ಇದ್ದವು. ಅಲ್ಲಿಗೆ ತನ್ನ ರಜೆಯೂ ಹೋಯಿತು, ಕೆಲಸವೂ ಹೋಯಿತು ಎಂದುಕೊಂಡ.

"ಮುದೀರ್," ಕಫೀಲ್ ಮ್ಯಾನೇಜರನನ್ನು ಕೇಳಿದ. "ನನ್ನ ಡ್ರೈವರಿಗೆ ಹಲ್ಲುನೋವಾ?"

ರಾಬ್ ಗಂಭೀರವಾಗಿ ಎಲ್ಲವನ್ನೂ ವಿವರಿಸಿದ. ಕಫೀಲ್ ಅರ್ಧ ಕೇಳುವಷ್ಟರಲ್ಲೇ ಗಾಳದ ಕೋಲು ಕಸಿದುಕೊಂಡು, "ಯಲ್ಲಾ, ಓಡು!" ಎಂದ. ಪೊಡಿಯಬ್ಬ ಓಡಿದ. ಅವನು ಎಡಕ್ಕೆ ಹೋದರೆ ಇವನು ಬಲಕ್ಕೆ ಎಳೆಯುತ್ತಿದ್ದ. ಒಬ್ಬನ ಚಪ್ಪಲಿ ಹಾರಿತು, ಇನ್ನೊಬ್ಬನ ತಲೆವಸ್ತ್ರ ಹೆಗಲಿಗೆ ಜಾರಿತು. ಹತ್ತು ನಿಮಿಷದ ಕಾದಾಟದ ನಂತರ ಮೀನು ಏದುಸಿರು ಬಿಡುತ್ತಾ ನಾಲ್ಕು ಕಾಲಿನ ಮೇಲೆ ದಡಕ್ಕೆ ಬಂತು.

"ಹಿಡಿದೆ!" ಕಫೀಲನ ಮುಖ ಅರಳಿತ್ತು. "ಈಗ?"

ರಾಬ್ ರಟ್ಟಿನ ರೆಕ್ಕೆಯನ್ನು ಮುಟ್ಟಿ ತೋರಿಸಿದ. "ಬಾಲದ ಹತ್ತಿರ ಈ ಪುಟ್ಟ ರೆಕ್ಕೆ ನೋಡಿ. ಸಾಕಿ ಬಿಟ್ಟ ಮೀನಿಗೆ ಮರಿಯಾಗಿದ್ದಾಗಲೇ ಇದನ್ನು ಕತ್ತರಿಸಿರುತ್ತಾರೆ, ಅದನ್ನು ಇಟ್ಟುಕೊಳ್ಳಬಹುದು. ಇದಕ್ಕೆ ರೆಕ್ಕೆ ಇದೆ. ಹೊಳೆಯಲ್ಲೇ ಹುಟ್ಟಿದ್ದು. ಬಿಡಬೇಕು."

"ಇಷ್ಟು ಒದ್ದಾಡಿ ಹಿಡಿದದ್ದನ್ನು ಬಿಡುವುದಾ? ಯಾಕೆ?"

"ಅದು ಊರಿಗೆ ಹೊರಟಿದೆ. ವರ್ಷಗಟ್ಟಲೆ ಕಡಲಲ್ಲಿ ತಿರುಗಿ, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ವಾಪಸು ಹೋಗುತ್ತದೆ. ಎಲ್ಲವನ್ನೂ ತಡೆದರೆ ಹೊಳೆ ಬರಿದಾಗುತ್ತದೆ."

ಸೇಸಪ್ಪನಿಗೆ ಅದೆಲ್ಲಿಂದ ಧೈರ್ಯ ಬಂತೋ, ಜೇಬಿನಿಂದ ರಜೆಯ ಕಾಗದ ತೆಗೆದು ಮುಂದೆ ಹಿಡಿದ. ತನಗೆ ಬರುತ್ತಿದ್ದ ಹರಕುಮುರುಕು ಹಿಂದಿಯಲ್ಲಿ, "ಬಾಬಾ, ನಾನೂ ಊರಿಗೆ ಹೊರಟವನೇ. ಮಗಳು ನನ್ನ ಮುಖ ನೋಡಿಲ್ಲ," ಎಂದ.

ಕಫೀಲ್ ಕಾಗದ ನೋಡಿದ, ಮೀನು ನೋಡಿದ. ಪೆನ್ನು ತೆಗೆದು, ಇನ್ನೂ ಬಗ್ಗಿಯೇ ಇದ್ದ ಪೊಡಿಯಬ್ಬನ ಬೆನ್ನ ಮೇಲೆ ಕಾಗದ ಹರಡಿ, ರೆಕ್ಕೆಯ ಪಕ್ಕದಲ್ಲಿ ಸಹಿ ಜಡಿದ. ಸೇಸಪ್ಪನಿಗೆ ಅಲ್ಲೇ ಕುಣಿಯಬೇಕೆನಿಸಿತು. ಕುಣಿದೂಬಿಟ್ಟ.

ಪೊಡಿಯಬ್ಬ ದಡಬಡಿಸಿ ಎದ್ದ. "ಬಾಬಾ, ನನ್ನದೂ ಒಂದು ಕಾಗದ ಉಂಟು! ಊರಿಗೆ ಹೋಗದೆ ಮೂರು ವರ್ಷ ಆಯ್ತು! ಗಾಡಿಯಲ್ಲೇ ಉಂಟು, ಈಗ ತಂದೆ!" ಎಂದು ಹೊರಟೇಬಿಟ್ಟ.

ಕಫೀಲ್ ಪೆನ್ನಿನ ಮುಚ್ಚಳ ಹಾಕಿದ. "ಮುದೀರ್, ನಿಮ್ಮ ಹೊಳೆಯಲ್ಲಿ ದಿನಕ್ಕೆ ಎಷ್ಟು ಮೀನು ಇಟ್ಟುಕೊಳ್ಳಬಹುದು?"

"ಎರಡು. ಉಳಿದದ್ದನ್ನೆಲ್ಲ ಬಿಡಬೇಕು."

"ಇಲ್ಲಿ ಒಂದನ್ನು ಬಿಡುವುದು," ಎಂದ ಕಫೀಲ್. "ಉಳಿದದ್ದನ್ನೆಲ್ಲ ಇಟ್ಟುಕೊಳ್ಳುವುದು."

ಅವನ ಕೈಯಲ್ಲಿ ಗಾಳದ ರಾಟೆ ಕಿರ್ರೆಂದು ತಿರುಗತೊಡಗಿತು. ಗಾಡಿಯ ಬಾಗಿಲಿಗೆ ಕೈಚಾಚಿದ್ದ ಪೊಡಿಯಬ್ಬ ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದ.